ಹಳೆಯ ಉಪಭಾಷೆಗೆ ಓಗೊಡುವ ಗಣಕಗಳು

2017ರ ಮೇ 15, ಸೋಮವಾರ. ಕೇರಳದ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯತಿಯಲ್ಲಿ ಸಿಬ್ಬಂದಿ ವಾರದ ಕೆಲಸ ಆರಂಭಿಸಲು ಗಣಕಗಳನ್ನು ಚಾಲೂ ಮಾಡಿದರು. ನಾಲ್ಕು ಗಣಕಗಳಲ್ಲಿ ಕಡತಗಳು ತೆರೆಯಲಿಲ್ಲ. ಪರದೆಯ ಮೇಲೆ ಒಂದು ಬೆದರಿಕೆ ಕಾಣಿಸಿತು. 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಟ್ಟರೆ ಕಡತಗಳು ಸಿಗುತ್ತವೆ, ಇಲ್ಲವಾದರೆ ಇಲ್ಲ. ಇದಕ್ಕೆ ಎರಡು ದಿನ ಮೊದಲೇ ನಮ್ಮ ಕೋಲಾರಕ್ಕೆ ಹೊಂದಿಕೊಂಡ ಚಿತ್ತೂರು ಜಿಲ್ಲೆಯೂ ಸೇರಿದಂತೆ ಆಂಧ್ರಪ್ರದೇಶದ ಹಲವು ಪೊಲೀಸ್ ಘಟಕಗಳ ಗಣಕಗಳು ಹೀಗೆಯೇ ಕೈಕೊಟ್ಟಿದ್ದವು. ಅದೇ ವಾರ ತಿರುಮಲ ತಿರುಪತಿ ದೇವಸ್ಥಾನದ ಕಚೇರಿ ಕೆಲಸಕ್ಕೆ ಬಳಸುತ್ತಿದ್ದ ಕೆಲವು ಹಳೆಯ ಗಣಕಗಳಿಗೂ ಇದೇ ಗತಿಯಾಯಿತು.

'ವನ್ನಾಕ್ರೈ' ಎಂಬ ಈ ಕುತಂತ್ರಾಂಶದ ಹೆಸರನ್ನು ನೀವು ಆಗ ಪತ್ರಿಕೆಗಳಲ್ಲಿ ಓದಿರುತ್ತೀರಿ. ಯಾರೋ ಗುಮಾಸ್ತರು ತೆರೆಯಬಾರದ ಇ-ಅಂಚೆಯನ್ನು ತೆರೆದಿರಬೇಕು ಎಂದು ಮೊದಲು ಎಲ್ಲರೂ ಊಹಿಸಿದರು. ಆ ಊಹೆ ತಪ್ಪಾಗಿತ್ತು. ಯಾರೂ ಏನನ್ನೂ ತೆರೆಯಬೇಕಾಗಿರಲಿಲ್ಲ. ಗಣಕ ಚಾಲೂ ಆಗಿ ಜಾಲಕ್ಕೆ ಸೇರಿಕೊಂಡಿದ್ದರೆ ಸಾಕಿತ್ತು. ಏಕೆಂದರೆ ವನ್ನಾಕ್ರೈ ಒಳನುಗ್ಗಿದ್ದು ಗಣಕಗಳು ಪರಸ್ಪರ ಕಡತಗಳನ್ನು ಹಂಚಿಕೊಳ್ಳಲೆಂದು 1980ರ ದಶಕದಲ್ಲಿ ಮಾಡಿಟ್ಟ ಬಾಗಿಲಿನಿಂದ.

ಯಾದಗಿರಿ ತಾಲೂಕಿನ ಬಳಿಚಕ್ರದಂಥ ಊರಿನಲ್ಲಿ ನೀವು ಶಿಕ್ಷಕರಾಗಿದ್ದರೆ ತರಿಯೋಡ್ ಬೇರೆ ಲೋಕದ ಊರೇನಲ್ಲ. ಅಲ್ಲಿಯೂ ಪಂಚಾಯತಿಯಲ್ಲಿ ಮೂರು ನಾಲ್ಕು ಗಣಕಗಳು, ಒಂದು ಮುದ್ರಕ, ಕೆಟ್ಟರೆ ಪೇಟೆಯಿಂದ ಬರಬೇಕಾದ ತಂತ್ರಜ್ಞ. ಇಂಥ ಕಡೆ ಮೂವತ್ತು ವರ್ಷ ಹಳೆಯ ಒಪ್ಪಂದವೊಂದು ಇನ್ನೂ ಜೀವಂತವಾಗಿ ಉಳಿದದ್ದು ಹೇಗೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಒಂದೇ ಕೋಣೆಯ ನಂಬಿಕೆ

ಎರಡು ಗಣಕಗಳು ಮಾತನಾಡಬೇಕಾದರೆ ಯಾರು ಮೊದಲು ಮಾತನಾಡಬೇಕು, ಏನು ಕೇಳಬೇಕು, ಉತ್ತರ ಯಾವ ಕ್ರಮದಲ್ಲಿರಬೇಕು ಎಂಬ ಒಪ್ಪಂದ ಇರಬೇಕು. ಇದೇ ಪ್ರೋಟೋಕಾಲ್. ದೂರದ ಗಣಕದಿಂದ ಕಡತ ತರಿಸಿಕೊಳ್ಳುವ ಮೊದಲ ಪ್ರಮುಖ ಒಪ್ಪಂದವನ್ನು ಬರೆದವರು ಒಬ್ಬ ಭಾರತೀಯರು ಎಂಬುದು ನಿಮ್ಮ ವಿದ್ಯಾರ್ಥಿಗಳಿಗೆ ಸಂತೋಷ ಕೊಡಬಹುದು. ಅಲಹಾಬಾದಿನಲ್ಲಿ ಹುಟ್ಟಿ ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್ ಅಮೆರಿಕದ ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲ್‌ನಲ್ಲಿ, ಆರ್‌ಎಫ್‌ಸಿ 114 ಎಂಬ ಕಿರು ದಾಖಲೆಯಲ್ಲಿ ಎಫ್‌ಟಿಪಿಯ ಮೊದಲ ರೂಪವನ್ನು ಪ್ರಕಟಿಸಿದರು. ಆಗ ಅರ್ಪಾನೆಟ್‌ನಲ್ಲಿ ಇದ್ದದ್ದು ಕೆಲವೇ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾಲಯಗಳು. ಒಬ್ಬರಿಗೊಬ್ಬರು ಪರಿಚಿತರು. ಎಫ್‌ಟಿಪಿಯಲ್ಲಿ ಬಳಕೆದಾರನ ಹೆಸರು, ಪಾಸ್‌ವರ್ಡ್ ಎರಡೂ ಅಂಚೆ ಕಾರ್ಡಿನ ಮೇಲೆ ಬರೆದಂತೆ ತಂತಿಯ ಮೇಲೆ ಬಿಚ್ಚಾಗಿ ಹೋಗುತ್ತಿದ್ದವು. ಅಂದಿನ ಜಾಲದಲ್ಲಿ ಅದು ಲೋಪವೆಂದು ಯಾರಿಗೂ ಅನ್ನಿಸಲಿಲ್ಲ. ನಮ್ಮಲ್ಲಿ 1986ರಲ್ಲಿ ಅರ್ನೆಟ್ ಜಾಲ ಆರಂಭವಾದಾಗಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಮುಂತಾದ ಎಂಟೇ ಸಂಸ್ಥೆಗಳಿದ್ದವು. ಅದೂ ಪರಿಚಿತರ ಕೂಟವೇ.

1984ರ ಸುಮಾರಿಗೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಎನ್‌ಎಫ್‌ಎಸ್ ಎಂಬ ಇನ್ನೊಂದು ಒಪ್ಪಂದ ತಂದಿತು. ದೂರದ ಗಣಕದ ಕಡತಕೋಶ ನಿಮ್ಮದೇ ಗಣಕದಲ್ಲಿ ಇರುವಂತೆ ಕಾಣುವ ಸೊಗಸಾದ ಏರ್ಪಾಡು ಅದು. ಆದರೆ 'ನಾನು 501ನೇ ಸಂಖ್ಯೆಯ ಬಳಕೆದಾರ' ಎಂದು ಕೇಳುವ ಗಣಕ ಹೇಳಿದರೆ ಕೊಡುವ ಗಣಕ ಅದನ್ನು ನಂಬಿಬಿಡುತ್ತಿತ್ತು. ಹಾಜರಿ ಕರೆಯುವಾಗ ಯಾರು 'ಬಂದೆ ಸಾರ್' ಎಂದರೂ ಮುಖ ನೋಡದೆ ಗುರುತು ಹಾಕುವ ಮೇಷ್ಟ್ರಂತೆ.

ನಮ್ಮ ಕತೆಯ ಮುಖ್ಯ ಪಾತ್ರ ಇವೆರಡೂ ಅಲ್ಲ. 1980ರ ದಶಕದ ಆರಂಭದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ರೂಪಿಸಿದ ಎಸ್‌ಎಂಬಿ, ಅಂದರೆ 'ಸರ್ವರ್ ಮೆಸೇಜ್ ಬ್ಲಾಕ್'. ಮೊದಲು ಅದಕ್ಕೆ ಅವರ ಹೆಸರಿನ ಮೂರು ಮೊದಲಕ್ಷರಗಳನ್ನೇ ಇಟ್ಟಿದ್ದರಂತೆ. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಬಂದಾಗ ಅದರ ಹಾರ್ಡ್‌ಡಿಸ್ಕ್ 10 ಮೆಗಾಬೈಟ್. ಇಂದಿನ ಮೊಬೈಲಿನ ಎರಡು ಮೂರು ಚಿತ್ರಗಳಿಗೆ ಅದು ತುಂಬಿಹೋಗುತ್ತದೆ. ಅಷ್ಟು ದುಬಾರಿ ವಸ್ತುವನ್ನು, ಜೊತೆಗೆ ಮುದ್ರಕವನ್ನು, ಒಂದು ಕಚೇರಿಯ ಹತ್ತಾರು ಗಣಕಗಳು ಹಂಚಿಕೊಳ್ಳಬೇಕೆಂಬುದಷ್ಟೇ ಉದ್ದೇಶ. ಅಂತರಜಾಲದ ಕಲ್ಪನೆಯೇ ಅದರ ಲೆಕ್ಕದಲ್ಲಿ ಇರಲಿಲ್ಲ. ಕೋಣೆಯ ಬಾಗಿಲಿಗೆ ಬೀಗವಿದ್ದರೆ ತಂತಿಗೆ ಬೀಗ ಏಕೆ?

'ನಿನಗೆ ಯಾವ ಉಪಭಾಷೆ ಬರುತ್ತದೆ?'

ಎಸ್‌ಎಂಬಿಯ ಒಂದು ಗುಣವನ್ನು ನೀವು ಇಲ್ಲಿ ಗಮನಿಸಬೇಕು. ಅದರ ಬೇರೆ ಬೇರೆ ಆವೃತ್ತಿಗಳಿಗೆ ತಂತ್ರಜ್ಞರು ಇಟ್ಟ ಹೆಸರೇ 'ಡಯಲೆಕ್ಟ್', ಅಂದರೆ ಉಪಭಾಷೆ. ಎರಡು ಗಣಕಗಳು ಎದುರಾದಾಗ ಮೊದಲ ಸಂದೇಶದಲ್ಲಿ ಒಂದು ಗಣಕ ತನಗೆ ಬರುವ ಉಪಭಾಷೆಗಳ ಪಟ್ಟಿಯನ್ನೇ ಒಪ್ಪಿಸುತ್ತದೆ. ಪಿಸಿ ನೆಟ್‌ವರ್ಕ್ ಪ್ರೋಗ್ರಾಂ 1.0, ಲ್ಯಾನ್‌ಮ್ಯಾನ್ 1.0, ಎನ್‌ಟಿ ಎಲ್‌ಎಂ 0.12 ಹೀಗೆ. ಎದುರಿನ ಗಣಕ ಅದರಲ್ಲಿ ತನಗೂ ತಿಳಿದ, ಸಾಧ್ಯವಾದಷ್ಟು ಹೊಸದನ್ನು ಆರಿಸುತ್ತದೆ. ಮಂಗಳೂರಿನವರೂ ಬಳಿಚಕ್ರದವರೂ ಭೇಟಿಯಾದರೆ ಇಬ್ಬರಿಗೂ ತಿಳಿದ ಶಾಲೆಯ ಕನ್ನಡಕ್ಕೆ ಬರುವುದಿಲ್ಲವೇ, ಹಾಗೆ.

ಏರ್ಪಾಡು ಚೆನ್ನಾಗಿಯೇ ಇದೆ. 1985ರ ಯಂತ್ರವನ್ನೂ 2005ರ ಯಂತ್ರವನ್ನೂ ಒಂದೇ ಜಾಲದಲ್ಲಿ ದುಡಿಸಬಹುದು. ಗಣಕೋದ್ಯಮ ಬೆಳೆದದ್ದೇ ಇಂಥ ಹೊಂದಾಣಿಕೆಯಿಂದ. ಆದರೆ ಇದರ ಇನ್ನೊಂದು ಮುಖ ನೋಡಿ. ಹೊಸ ಗಣಕವೂ ಹಳೆಯ ಉಪಭಾಷೆಗಳನ್ನೆಲ್ಲ ಮರೆಯದೆ ಹೊತ್ತುಕೊಂಡಿರಬೇಕು. ಕದ್ದು ಬರುವವನು ಬೇಕೆಂದೇ 'ನನಗೆ ಹಳೆಯದೊಂದೇ ಬರುತ್ತದೆ' ಎಂದರೆ ಅದೇ ಭಾಷೆಯಲ್ಲಿ ಉತ್ತರ ಕೊಡಬೇಕು. ಹೊಸ ಉಪಭಾಷೆ ಎಷ್ಟೇ ಭದ್ರವಾಗಿರಲಿ, ಹಳೆಯದನ್ನು ಮುಚ್ಚುವವರೆಗೆ ಮನೆಯ ಭದ್ರತೆ ಹಳೆಯ ಬಾಗಿಲಿನಷ್ಟೇ.

ಪಾಸ್‌ವರ್ಡನ್ನೇ ತೆಗೆದುಕೊಳ್ಳಿ. ಮೈಕ್ರೋಸಾಫ್ಟ್ ಮತ್ತು ತ್ರೀಕಾಂ ಕಂಪನಿಗಳು ಓಎಸ್/2 ಕಾರ್ಯಾಚರಣ ವ್ಯವಸ್ಥೆಗಾಗಿ ತಂದ 'ಲ್ಯಾನ್ ಮ್ಯಾನೇಜರ್' ಪಾಸ್‌ವರ್ಡನ್ನು ಹಾಗೆಯೇ ಇಡದೆ ಗೂಢರೂಪದಲ್ಲಿ ಇಡುತ್ತಿತ್ತು. ಗರಿಷ್ಠ 14 ಅಕ್ಷರಗಳು. ಆದರೆ ಮೊದಲು ಚಿಕ್ಕಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡಿ, ಏಳೇಳರ ಎರಡು ತುಂಡು ಮಾಡಿ, ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ಗೂಢಗೊಳಿಸುತ್ತಿತ್ತು. ಇದರಿಂದ ಆದ ನಷ್ಟವನ್ನು ನಿಮ್ಮ ಪ್ರೌಢಶಾಲಾ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಇಂಗ್ಲಿಷಿನ 26 ಅಕ್ಷರ, 10 ಅಂಕಿ ಸೇರಿ 36 ಚಿಹ್ನೆಗಳು ಎಂದಿಟ್ಟುಕೊಳ್ಳಿ. 14 ಸ್ಥಾನಗಳನ್ನು ಒಟ್ಟಿಗೆ ಊಹಿಸಬೇಕಾದರೆ 36ರ 14ನೇ ಘಾತದಷ್ಟು ಸಾಧ್ಯತೆಗಳು. ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರಕ್ಕೂ ಸುಮಾರು ಎರಡು ಲಕ್ಷ ವರ್ಷ ಬೇಕು. ಎರಡು ತುಂಡಾದರೆ 36ರ 7ನೇ ಘಾತ ಸಾಕು, ಅಂದರೆ ಸುಮಾರು 7,836 ಕೋಟಿ. ಅದೇ ಯಂತ್ರಕ್ಕೆ 78 ಸೆಕೆಂಡ್! ಎರಡೂ ತುಂಡುಗಳಿಗೆ ಒಂದೇ ಊಹೆಯ ಪಟ್ಟಿ ಸಾಲುತ್ತದೆ. ಹೀಗಿದ್ದೂ ಹಳೆಯ ಯಂತ್ರಗಳ ಸಲುವಾಗಿ ವಿಂಡೋಸ್ ಈ ದುರ್ಬಲ ರೂಪವನ್ನೂ ಎಕ್ಸ್‌ಪಿಯ ಕಾಲದವರೆಗೆ ತನ್ನೊಳಗೆ ಇಟ್ಟುಕೊಳ್ಳುತ್ತಲೇ ಬಂತು. ಅದು ಸಹಜವಾಗಿ ನಿಂತದ್ದು ವಿಸ್ತಾದಿಂದ.

ಇದಕ್ಕಿಂತ ವಿಚಿತ್ರವಾದದ್ದು ವಿಂಡೋಸ್ 95 ಮತ್ತು 98ರ ಲೋಪ. ನಮ್ಮ ಊರುಗಳಲ್ಲಿ ಸೈಬರ್ ಕೆಫೆಗಳು ತಲೆಯೆತ್ತಿದ ಕಾಲದ ವ್ಯವಸ್ಥೆಗಳಿವು. ಹಂಚಿಕೊಂಡ ಕಡತಕೋಶಕ್ಕೆ ಪಾಸ್‌ವರ್ಡ್ ಇಟ್ಟರೆ, ಕೇಳುವ ಗಣಕ ಎಷ್ಟು ಅಕ್ಷರ ಕಳಿಸಿತೋ ಅಷ್ಟನ್ನು ಮಾತ್ರ ಅದು ಹೋಲಿಸಿ ನೋಡುತ್ತಿತ್ತು. ಒಂದೇ ಅಕ್ಷರ ಕಳಿಸಿ, 'ಉದ್ದ 1' ಎಂದು ಹೇಳಿದರೆ, ಮೊದಲಕ್ಷರ ಸರಿಯಾಗಿದ್ದರೆ ಬಾಗಿಲು ತೆರೆಯುತ್ತಿತ್ತು. 2000ದ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ತೇಪೆ ಕೊಟ್ಟಿತು. ಎರಡು ವರ್ಷದ ನಂತರ, 2002ರಲ್ಲಿ, 'ಒಪಾಸರ್ವ್' ಎಂಬ ಹುಳು ಇದೇ ಬಿರುಕಿನಿಂದ ಲೋಕ ಸುತ್ತಿತು. ತೇಪೆ ಇದ್ದೂ ಹಾಕದಿರುವುದು ಈ ಇತಿಹಾಸದುದ್ದಕ್ಕೂ ಕಾಣುತ್ತದೆ. 2004ರ 'ಸ್ಯಾಸರ್', 2008ರ 'ಕಾನ್‌ಫಿಕರ್' ಎರಡೂ ಅದೇ 445ನೇ ದ್ವಾರದ ಮೂಲಕ, ತೇಪೆ ಬಂದ ಮೇಲೆಯೇ, ಹಬ್ಬಿದವು.

ಸತ್ತ ವ್ಯವಸ್ಥೆಯ ಉಯಿಲು

ವನ್ನಾಕ್ರೈ ಬಳಸಿದ ಬಿರುಕು ಎಲ್ಲಿತ್ತು ಎಂಬುದು ಇತಿಹಾಸದ ವಿದ್ಯಾರ್ಥಿಗೂ ಕುತೂಹಲ ತರುವ ವಿಷಯ. ಅದು ಓಎಸ್/2ರ ನೆನಪಿನಲ್ಲಿತ್ತು.

ಐಬಿಎಂ ಮತ್ತು ಮೈಕ್ರೋಸಾಫ್ಟ್ ಜೊತೆಯಾಗಿ ಮಾಡಿದ ಓಎಸ್/2 ಹೊರಬಂದದ್ದು 1987ರಲ್ಲಿ. ಅದರಲ್ಲಿ ಕಡತದ ಜೊತೆಗೆ ಹೆಚ್ಚುವರಿ ಗುಣಲಕ್ಷಣಗಳ ಒಂದು ಪಟ್ಟಿಯನ್ನು ಅಂಟಿಸಿ ಇಡುವ ಸೌಲಭ್ಯವಿತ್ತು. ಮುಂದೆ ಎರಡು ಕಂಪನಿಗಳೂ ಬೇರೆಯಾದವು. ಮೈಕ್ರೋಸಾಫ್ಟ್ 1993ರಲ್ಲಿ ವಿಂಡೋಸ್ ಎನ್‌ಟಿ ತಂದಿತು. ಆದರೆ ಜಾಲದಲ್ಲಿ ಓಎಸ್/2 ಗಣಕಗಳು ಇದ್ದವಲ್ಲ? ಅವು ಕಳಿಸುವ ಪಟ್ಟಿಯನ್ನು ಎನ್‌ಟಿಯ ಪಟ್ಟಿಯಾಗಿ ಪರಿವರ್ತಿಸುವ ಒಂದು ಸಣ್ಣ ಭಾಗವನ್ನು ಎಸ್‌ಎಂಬಿ ತಂತ್ರಾಂಶದಲ್ಲಿ ಸೇರಿಸಿದರು. ಓಎಸ್/2ಗೆ ಐಬಿಎಂ 2006ರ ಕೊನೆಗೆ ಬೆಂಬಲ ನಿಲ್ಲಿಸಿತು. ಪರಿವರ್ತಿಸುವ ಭಾಗ ಮಾತ್ರ ವಿಂಡೋಸ್ 7ರಲ್ಲೂ ನಂತರದವುಗಳಲ್ಲೂ ಉಳಿದುಕೊಂಡಿತು. ಅದನ್ನು ಕರೆಯುವ ಗ್ರಾಹಕ ಯಾರೂ ಇರಲಿಲ್ಲವೆಂದೇ ಹೇಳಬಹುದು.

ತಪ್ಪು ಏನೆಂದರೆ ಒಂದು ಸಂಖ್ಯೆಯ ತಿದ್ದುಪಡಿ. ಪಟ್ಟಿಯ ಒಟ್ಟು ಉದ್ದವನ್ನು 32 ಬಿಟ್‌ಗಳಲ್ಲಿ ಬರೆದಿರುತ್ತಿತ್ತು. ಪಟ್ಟಿಯ ಕೊನೆಯಲ್ಲಿ ಹಾಳಾದ ನಮೂದು ಇದ್ದರೆ ಅದನ್ನು ಬಿಟ್ಟು ಉದ್ದವನ್ನು ತಿದ್ದಬೇಕು. ಆದರೆ ತಿದ್ದುವ ಭಾಗ ಕೆಳಗಿನ 16 ಬಿಟ್‌ಗಳನ್ನು ಮಾತ್ರ ತಿದ್ದುತ್ತಿತ್ತು. ಹಲಗೆಯ ಮೇಲೆ ಇದನ್ನು ದಶಮಾನದಲ್ಲಿ ತೋರಿಸಿ. 10000 ಎಂದು ಬರೆಯಿರಿ. ಅದನ್ನು 9537 ಎಂದು ತಿದ್ದಬೇಕು, ಆದರೆ ಕೊನೆಯ ನಾಲ್ಕು ಮನೆಗಳನ್ನು ಮಾತ್ರ ಮುಟ್ಟಬಹುದು ಎಂಬ ನಿಯಮ ಹಾಕಿ. ಮೊದಲಿನ 1 ಹಾಗೆಯೇ ಉಳಿದು ಸಂಖ್ಯೆ 19537 ಆಗುತ್ತದೆ. ಕಡಿಮೆಯಾಗಬೇಕಾದದ್ದು ಸುಮಾರು ಎರಡು ಪಟ್ಟಾಯಿತು! ದಾಳಿಯಲ್ಲಿ ಆದದ್ದೂ ಇದೇ. 65,536 ಎಂಬ ಉದ್ದ 65,373 ಆಗುವ ಬದಲು 1,30,909 ಆಯಿತು. ಗಣಕ ಚಿಕ್ಕ ಪಟ್ಟಿಗೆಂದು ಜಾಗ ಕಾದಿರಿಸಿ ದೊಡ್ಡ ಪಟ್ಟಿಯನ್ನು ಸುರಿಯಿತು. ತುಂಬಿ ಚೆಲ್ಲಿದ್ದು ಪಕ್ಕದ ಸ್ಮೃತಿಯ ಮೇಲೆ. ಅಲ್ಲಿ ಏನು ಬೀಳಬೇಕೆಂದು ದಾಳಿಕೋರ ಮೊದಲೇ ಯೋಜಿಸಿರುತ್ತಾನೆ. ಈ ಭಾಗ ವ್ಯವಸ್ಥೆಯ ತಿರುಳಿನೊಳಗೇ ಓಡುವುದರಿಂದ ಅವನಿಗೆ ಗಣಕದ ಪೂರ್ಣ ಅಧಿಕಾರ ಸಿಗುತ್ತದೆ. ಪಾಸ್‌ವರ್ಡಿನ ಪ್ರಶ್ನೆಯೇ ಇಲ್ಲ.

ಈ ತಪ್ಪನ್ನು ಮೊದಲು ಕಂಡುಕೊಂಡು ಆಯುಧ ಮಾಡಿಕೊಂಡದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. 'ಎಟರ್ನಲ್‌ಬ್ಲೂ' ಎಂಬುದು ಆ ಆಯುಧದ ಹೆಸರು. ಅದು ಕಳುವಾಯಿತು. 'ಶ್ಯಾಡೋ ಬ್ರೋಕರ್ಸ್' ಎಂಬ ಅಜ್ಞಾತ ಗುಂಪು 2017ರ ಏಪ್ರಿಲ್ 14ರಂದು ಅದನ್ನು ಬಹಿರಂಗಕ್ಕೆ ಚೆಲ್ಲಿತು. ದೋಷವನ್ನು ತಯಾರಕರಿಗೆ ತಿಳಿಸದೆ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡ ಸಂಸ್ಥೆಗೆ ತರಿಯೋಡಿನ ಗುಮಾಸ್ತರಿಗಿಂತ ಹೆಚ್ಚಿನ ಹೊಣೆಯಿದೆ ಎಂದು ನನಗನ್ನಿಸುತ್ತದೆ. ಆಗಿನ ಸುದ್ದಿಗಳಲ್ಲಿ ಬೈಗುಳ ಹೆಚ್ಚು ಬಿದ್ದದ್ದು ಮಾತ್ರ 'ಎಚ್ಚರವಿಲ್ಲದ ಬಳಕೆದಾರ'ರ ಮೇಲೆ.

ಐವತ್ತೊಂಬತ್ತು ದಿನ

ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಎಂಎಸ್ 17-010 ಎಂಬ ತೇಪೆಯನ್ನು ಬಿಡುಗಡೆ ಮಾಡಿತ್ತು. ವನ್ನಾಕ್ರೈ ಬಂದದ್ದು ಮೇ 12ರ ಶುಕ್ರವಾರ. ನಡುವೆ 59 ದಿನ. ಅದಕ್ಕೂ ಮೊದಲು, 2016ರ ಸೆಪ್ಟೆಂಬರ್‌ನಲ್ಲಿ, ಮೈಕ್ರೋಸಾಫ್ಟ್‌ನಲ್ಲಿ ಈ ವಿಭಾಗ ನೋಡಿಕೊಳ್ಳುತ್ತಿದ್ದ ನೆಡ್ ಪೈಲ್ 'ಎಸ್‌ಎಂಬಿ ಒಂದನೇ ಆವೃತ್ತಿಯನ್ನು ದಯವಿಟ್ಟು ಬಳಸಬೇಡಿ' ಎಂದು ಬಹಿರಂಗವಾಗಿ ಬೇಡಿಕೊಂಡಿದ್ದರು. 2006ರಲ್ಲೇ ಎರಡನೇ ಆವೃತ್ತಿ ಸಿದ್ಧವಾಗಿತ್ತು. ಮೊದಲನೆಯದರಲ್ಲಿ ನೂರಕ್ಕೂ ಹೆಚ್ಚು ಆದೇಶ, ಉಪ ಆದೇಶಗಳಿದ್ದರೆ ಎರಡನೆಯದರಲ್ಲಿ 19 ಮಾತ್ರ. ಆದೇಶ ಕಡಿಮೆಯಾದಷ್ಟೂ ತಪ್ಪು ಅಡಗಲು ಮೂಲೆಗಳು ಕಡಿಮೆ. 2012ರ ಮೂರನೇ ಆವೃತ್ತಿಯಲ್ಲಿ ಕಡತಗಳನ್ನು ಗೂಢಲಿಪಿಯಲ್ಲಿ ಸಾಗಿಸುವ ವ್ಯವಸ್ಥೆಯೂ ಬಂತು. ಇಷ್ಟೆಲ್ಲ ಇದ್ದರೂ ಮೊದಲನೆಯದು ಪ್ರತಿ ಗಣಕದಲ್ಲೂ ಚಾಲೂ ಸ್ಥಿತಿಯಲ್ಲೇ ಬರುತ್ತಿತ್ತು.

ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಪ್ರಕಾರ 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳು ಹಾಳಾದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಯ 236 ಟ್ರಸ್ಟ್‌ಗಳಲ್ಲಿ 80ಕ್ಕೆ ತೊಂದರೆಯಾಗಿ ರೋಗಿಗಳನ್ನು ಬೇರೆಡೆಗೆ ಕಳಿಸಬೇಕಾಯಿತು. ಬೆಂಬಲ ನಿಂತುಹೋಗಿದ್ದ ಎಕ್ಸ್‌ಪಿಯೇ ಕಾರಣ ಎಂದು ಎಲ್ಲೆಡೆ ಹೇಳಿದರು. ಆದರೆ ಕ್ಯಾಸ್ಪರ್‌ಸ್ಕೀ ಕಂಪನಿಯ ಎಣಿಕೆಯಲ್ಲಿ ಸೋಂಕು ತಗುಲಿದವುಗಳಲ್ಲಿ ಸುಮಾರು 98 ಪ್ರತಿಶತ ವಿಂಡೋಸ್ 7 ಗಣಕಗಳು. ಅವಕ್ಕೆ ಬೆಂಬಲವಿತ್ತು, ತೇಪೆಯೂ ಇತ್ತು. ಹಾಕಿರಲಿಲ್ಲ ಅಷ್ಟೆ. ಬ್ರಿಟನ್ನಿನ ಯುವ ತಜ್ಞ ಮಾರ್ಕಸ್ ಹಚಿನ್ಸ್ ಈ ಹುಳು ಒಂದು ಅಸ್ತಿತ್ವದಲ್ಲಿಲ್ಲದ ಜಾಲತಾಣದ ಹೆಸರನ್ನು ಹುಡುಕುತ್ತಿರುವುದನ್ನು ಕಂಡು ಆ ಹೆಸರನ್ನು ನೋಂದಾಯಿಸಿದರು. ತಾಣ ಸಿಕ್ಕರೆ ಸುಮ್ಮನಾಗುವಂತೆ ಹುಳುವನ್ನು ಬರೆದಿದ್ದರಿಂದ ಅದರ ಓಟ ಬಹುಮಟ್ಟಿಗೆ ನಿಂತಿತು.

ಮುಂದಿನ ತಿಂಗಳೇ, ಜೂನ್ 27ರಂದು, 'ನಾಟ್‌ಪೆಟ್ಯಾ' ಬಂತು. ಅದರ ಆಯುಧಗಳಲ್ಲೂ ಎಟರ್ನಲ್‌ಬ್ಲೂ ಒಂದು. ಉಕ್ರೇನಿನಿಂದ ಹೊರಟ ಅದು ಮೇರ್ಸ್ಕ್ ಹಡಗು ಕಂಪನಿಯನ್ನು ಹಿಡಿದು, ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದೇ ಸಮೂಹ ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವನ್ನೂ ಸ್ಥಗಿತಗೊಳಿಸಿತು.

ಅದೇ ವರ್ಷದ ಜುಲೈನಲ್ಲಿ ಕರ್ನಾಟಕದಲ್ಲೇ ನಡೆದ ಇನ್ನೊಂದು ಘಟನೆಯನ್ನು ಇಲ್ಲಿ ಸೇರಿಸಬಹುದು. ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ಸಿಕ್ಕಿ ಸಂಪರ್ಕ ಕಳೆದುಕೊಂಡವು. ನಮ್ಮ ಕರ್ನಾಟಕ ವೃತ್ತಕ್ಕೆ ಬಿದ್ದ ಪೆಟ್ಟು ದೊಡ್ಡದು. ಇದು ಕಡತ ಹಂಚಿಕೆಯ ಪ್ರೋಟೋಕಾಲ್ ಅಲ್ಲ, ಮೋಡೆಮನ್ನು ದೂರದಿಂದ ನಿರ್ವಹಿಸುವ ಬೇರೆ ದ್ವಾರ. ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಕೋಣೆಯೊಳಗಿನ ನಂಬಿಕೆ ಬೀದಿಗೆ ಬಿದ್ದ ಅದೇ ಕತೆ.

ನಿಮ್ಮ ಪ್ರಯೋಗಾಲಯದಲ್ಲಿ

2017ರ ಅಕ್ಟೋಬರ್‌ನಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಎಸ್‌ಎಂಬಿಯ ಒಂದನೇ ಆವೃತ್ತಿ ತಾನಾಗಿ ಚಾಲೂ ಇರುವುದಿಲ್ಲ. ಲಿನಕ್ಸ್ ಗಣಕಗಳನ್ನು ವಿಂಡೋಸ್ ಜೊತೆ ಮಾತನಾಡಿಸಲು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಶುರುಮಾಡಿದ 'ಸಾಂಬಾ' ತಂತ್ರಾಂಶವೂ 2019ರಿಂದ ಅದನ್ನು ಮುಚ್ಚಿಯೇ ಬರುತ್ತದೆ. ಎಫ್‌ಟಿಪಿಯನ್ನು ಫೈರ್‌ಫಾಕ್ಸ್, ಕ್ರೋಮ್ ಎರಡೂ 2021ರಲ್ಲಿ ಕೈಬಿಟ್ಟವು. ಭೂಷಣ್ ಬರೆದು ಸರಿಯಾಗಿ ಐವತ್ತು ವರ್ಷಕ್ಕೆ.

ಹಾಗಾದರೆ ಅಪಾಯ ಮುಗಿಯಿತೇ? ಇಲ್ಲ. ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳು ಮಾಹಿತಿ ಸಿಂಧು, ಐಸಿಟಿ ಮುಂತಾದ ಯೋಜನೆಗಳ ಅಡಿಯಲ್ಲಿ ಕಂತುಕಂತಾಗಿ ಬಂದವು. ಒಮ್ಮೆ ಬಂದದ್ದು ಕೆಡುವವರೆಗೆ ಓಡುತ್ತದೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ಇದಕ್ಕಿಂತ ಹಠಮಾರಿಯಾದದ್ದು ಗಣಕವಲ್ಲದ ಯಂತ್ರ. ಸ್ಕ್ಯಾನ್ ಮಾಡಿ ನೇರವಾಗಿ ಗಣಕದ ಕಡತಕೋಶಕ್ಕೆ ಕಳಿಸುವ ಹಳೆಯ ಜೆರಾಕ್ಸ್ ಯಂತ್ರ, ಹಳೆಯ ಜಾಲ ಸಂಗ್ರಾಹಕ ಪೆಟ್ಟಿಗೆ, ಆಸ್ಪತ್ರೆಯ ಸ್ಕ್ಯಾನಿಂಗ್ ಉಪಕರಣ. ಇವುಗಳಲ್ಲಿ ಹಲವಕ್ಕೆ ಒಂದನೇ ಆವೃತ್ತಿ ಬಿಟ್ಟರೆ ಬೇರೆ ಭಾಷೆ ಬಾರದು. ರಿಪೇರಿಗೆ ಬಂದವರು ಯಂತ್ರ ಕೆಲಸ ಮಾಡಲಿ ಎಂದು ಗಣಕದಲ್ಲಿ ಅದನ್ನು ಮತ್ತೆ ಚಾಲೂ ಮಾಡಿ ಹೋಗುತ್ತಾರೆ. ಒಂದು ಜೆರಾಕ್ಸ್ ಯಂತ್ರಕ್ಕಾಗಿ ಕಚೇರಿಯ ಎಲ್ಲ ಗಣಕಗಳೂ ಹಿಂದಕ್ಕೆ ಹೋಗುತ್ತವೆ.

ನೀವೇ ಪರೀಕ್ಷಿಸಬಹುದು. ವಿಂಡೋಸ್ ಗಣಕದಲ್ಲಿ ಕಂಟ್ರೋಲ್ ಪ್ಯಾನೆಲ್ ತೆರೆದು, ವಿಂಡೋಸ್ ಫೀಚರ್ಸ್ ಚಾಲೂ ಅಥವಾ ಬಂದ್ ಮಾಡುವ ಪಟ್ಟಿಗೆ ಹೋಗಿ. 'ಎಸ್‌ಎಂಬಿ 1.0/ಸಿಐಎಫ್‌ಎಸ್' ಎಂಬ ಸಾಲಿನ ಮುಂದೆ ಗುರುತು ಇದ್ದರೆ ತೆಗೆದು ಗಣಕವನ್ನು ಮತ್ತೆ ಚಾಲೂ ಮಾಡಿ. ವಿಂಡೋಸ್ 7ರಲ್ಲಿ ಈ ಸಾಲು ಸಿಗುವುದಿಲ್ಲ, ಅದನ್ನು ಬೇರೆ ವಿಧಾನದಿಂದ ತಂತ್ರಜ್ಞರೇ ಮುಚ್ಚಬೇಕು. ಶಾಲೆಯ ರೂಟರಿನಲ್ಲಿ 139 ಮತ್ತು 445ನೇ ದ್ವಾರಗಳು ಹೊರಗಿನ ಅಂತರಜಾಲಕ್ಕೆ ತೆರೆದಿಲ್ಲವೆಂದು ಸಂಪರ್ಕ ಕೊಟ್ಟವರಿಂದ ಖಚಿತಪಡಿಸಿಕೊಳ್ಳಿ. ಅಂಕಪಟ್ಟಿ, ದಾಖಲಾತಿಗಳ ಒಂದು ಪ್ರತಿಯನ್ನು ಜಾಲಕ್ಕೆ ಜೋಡಿಸದ ಡಿಸ್ಕಿನಲ್ಲಿ ಇಡಿ. ಸದಾ ಜೋಡಿಸಿಯೇ ಇಟ್ಟ ಡಿಸ್ಕನ್ನು ವನ್ನಾಕ್ರೈ ಕೂಡ ಬಿಡಲಿಲ್ಲ.

ಗುರುತು ತೆಗೆದ ಮರುದಿನ ಯಾವುದಾದರೂ ಒಂದು ಯಂತ್ರ ಕೆಲಸ ನಿಲ್ಲಿಸಬಹುದು. ಆಗ ಗುರುತನ್ನು ವಾಪಸು ಹಾಕಬೇಡಿ. ಸ್ಕ್ಯಾನ್ ಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಳ್ಳುವ ದಾರಿ ಇದೆಯೇ ನೋಡಿ. ಆ ಯಂತ್ರದ ಹೆಸರು, ಕೊಂಡ ವರ್ಷ ಎರಡನ್ನೂ ದಾಸ್ತಾನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಅನುದಾನ ಬಂದಾಗ ಮೊದಲು ಬದಲಿಸಬೇಕಾದದ್ದು ಅದೇ.